ಹಳದಿ ಇಡ್ಲಿ

“ನಮ್ಮನೆಯವ್ರು ಇಡ್ಲಿ ಹಳದಿ ಆಗಿದೆ ಅಂದ್ರು ಕಣ್ರೀ! ಮಲ್ಲಿಗೆ ಥರ ಇಡ್ಲಿ. ನಾನೇ ಬೇಯ್ಸಿದ್ದು. ಒಂದು ಚಿಟಿಕೆ ಅರಿಶಿನ ಮುಟ್ಟಿಲ್ಲ!”

ಆಸ್ಪತ್ರೆಯ ಕ್ಯಾಂಟೀನಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭವ್ಯಳಿಗೆ ಅದರ ಪರಿವೆಯೇ ಇರಲಿಲ್ಲ. ಮೇಲಿನ ಮಹಡಿಯ ಐಸಿಯುನಲ್ಲಿ ಗಂಡ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ, ಕೆಳಗೆ ಹೆಂಡತಿ ಇಡ್ಲಿಯ ಬಣ್ಣಕ್ಕೆ ಜಗಳ ತೆಗೆದಿದ್ದಾಳೆ. ನನಗೆ ನಗು ಬಂದದ್ದು ಸುಳ್ಳಲ್ಲ.

ಅವಳ ಗಂಡ ಕೆಂಪರಾಜ್ ಗಿಡಮೂಲಿಕೆಗಳ ವಿಜ್ಞಾನಿ. ನಿನ್ನೆ ಮಧ್ಯಾಹ್ನ ಶಿವಾಜಿನಗರದಲ್ಲಿ, ತನ್ನ ಗಿಡಗಳ ಚಿತ್ರ ಬರೆದುಕೊಡುವ ಜಹನಾರಾ ಎಂಬ ಹುಡುಗಿಯ ಮನೆಯಲ್ಲಿ ಟೀ ಕುಡಿದು ಕುಸಿದು ಬಿದ್ದಿದ್ದ. ರಕ್ತದಲ್ಲಿ ಕಣಗಿಲೆ ಜಾತಿಯ ವಿಷದ ಸುಳಿವಿದೆ ಎಂದಿದ್ದರು ಡಾಕ್ಟರು. ಜಹನಾರಾಳ ಮೆಟ್ಟಿಲ ಮೇಲೆ ಕುಂಡದಲ್ಲಿ ಕಣಗಿಲೆ ಗಿಡವೇ ಇತ್ತು. ಪೊಲೀಸರಿಗೆ ಇನ್ನೇನು ಬೇಕು? ಇನ್‌ಸ್ಪೆಕ್ಟರ್ ಜಗದೀಶ್ ಸಂಜೆಯೊಳಗೆ ಅವಳನ್ನು ಠಾಣೆಗೆ ಕರೆದೊಯ್ಯುವವರಿದ್ದರು. ಅದಕ್ಕೂ ಮುಂಚೆ ಒಂದು ಸಲ ಅವಳ ಹತ್ತಿರ ಮಾತಾಡಲು ನನಗೆ ಅವಕಾಶ ಕೊಟ್ಟಿದ್ದರು.

ಪತ್ತೇದಾರಳಾದ ನನಗೆ ಭವ್ಯ ಒಪ್ಪಿಸಿದ್ದ ಕೆಲಸ ಒಂದೇ. ಜಹನಾರಾ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಬೇಕು.

“ಊಟಾನೂ ಸೇರ್ತಿರ್ಲಿಲ್ಲ ಮೋನಿಷಾ ಅವ್ರೇ. ತಟ್ಟೆ ಮುಂದೆ ಕೂತ್ರೆ ವಾಕರಿಕೆ. ಬೆಳಿಗ್ಗೆ ಹಲಸೂರು ಕೆರೆ ಹತ್ರ ವಾಕಿಂಗ್ ಹೋಗಿ, ಅಲ್ಯಾರೋ ಮೇಷ್ಟ್ರು ಕೊಡೋ ಕಷಾಯ ಕುಡ್ಕೊಂಡು ಬರೋರು. ಶುಗರ್‌ಗೆ ಒಳ್ಳೇದಂತೆ. ಮನೇಲಿ ಮಾತ್ರ ಏನೂ ಸೇರಲ್ಲ. ಪ್ರೀತಿ ಹತ್ತಿದ್ರೆ ಹಾಗೇ ಅಲ್ವಾ?”

“ನಲವತ್ತೈದು ದಾಟಿದ್ಮೇಲೂನಾ?”

“ಆಗ್ಲೇ ಜಾಸ್ತಿ,” ಎಂದಳು ಭವ್ಯ, ಅನುಭವಸ್ಥೆಯ ಹಾಗೆ. “ಕೆಲವು ದಿನದಿಂದ ಬರೀ ಇದೇ ರಾಗ. ಹಾಲು ಕೊಟ್ರೆ ಹಳದಿ, ಬನಿಯನ್ ಕೊಟ್ರೆ ಹಳದಿ, ಟ್ಯೂಬ್‌ಲೈಟು ಹಳದಿ. ಅವಳು ಬರೆದಿರೋ ಹೂವು ಹಳದಿ ತಾನೇ? ಕಣ್ಣ ತುಂಬಾ ಅದನ್ನೇ ತುಂಬ್ಕೊಂಡು ನನ್ನ ಮುಂದೆ ಕೂತಿರೋರು!”

ಆ ಹೂವಿನ ಕಥೆ ನಗರದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಕೆಂಪರಾಜ್ ಬಂಡೆಗಳ ಸಂದಿಯಲ್ಲಿ ಹೊಸ ಬಳ್ಳಿಯೊಂದನ್ನು ಪತ್ತೆಮಾಡಿದ್ದ. ಯಾರೂ ಹೆಸರಿಡದ ಗಿಡಕ್ಕೆ ಹೆಸರಿಡುವ ಯೋಗ ಎಲ್ಲರಿಗೂ ಸಿಗುವಂಥದ್ದಲ್ಲ.

“ಮದುವೆ ಆದಾಗ ಏನಂದಿದ್ರು ಗೊತ್ತಾ? ಹೊಸ ಗಿಡ ಸಿಕ್ರೆ ನಿನ್ನ ಹೆಸರೇ ಇಡ್ತೀನಿ ಅಂದಿದ್ರು. ಇಷ್ಟು ವರ್ಷ ಕಾದೆ. ಕೊನೆಗೆ ಏನಿಟ್ರು? ಸಿರೋಪೀಜಿಯಾ ಕಾಸ್ಮಿಯಾ! ಅದ್ರಲ್ಲಿ ಭವ್ಯ ಎಲ್ಲಿದಾಳೆ ಹೇಳಿ?”

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಗೊತ್ತಿರುವುದನ್ನು ಹೇಳದೆ ಇರುವುದು ನನಗೆ ಬಹಳ ಕಷ್ಟ.

ನನಗೆ ಗ್ರೀಕ್ ಭಾಷೆ ಬರುವುದಿಲ್ಲ, ಗ್ರೀಕ್ ಬೇರುಗಳು ಬರುತ್ತವೆ. ಹೊಸ ತಿಪ್ಪಸಂದ್ರದಲ್ಲಿ ಪತ್ತೇದಾರಿ ಆಫೀಸು ತೆರೆಯುವ ಮುಂಚೆ ನಾನು ಮೆಡಿಕಲ್ ಕೋಡಿಂಗ್ ಮಾಡುತ್ತಿದ್ದೆ. ರೋಗಿಗಳ ಕಾಯಿಲೆಗಳನ್ನೆಲ್ಲ ಅಂಕಿಗಳಾಗಿ ಬದಲಾಯಿಸುವ ಕೆಲಸ. ಅದಕ್ಕೆ ವೈದ್ಯಕೀಯ ಪದಗಳ ಬೇರು ಗೊತ್ತಿರಬೇಕು. ಆ ಬೇರುಗಳನ್ನು ಕಲಿಸುವ ಕ್ಲಾಸಿನ ಮೇಷ್ಟ್ರನ್ನೇ ನಾನು ಮದುವೆಯಾದದ್ದು.

“ಸಿರೋಪೀಜಿಯಾ ಅಂದ್ರೆ ಮೇಣದ ಚಿಲುಮೆ,” ಎಂದೆ. “ಅದು ಆ ಬಳ್ಳಿಯ ಕುಲದ ಹೆಸರು, ಮೊದ್ಲಿಂದ ಇರೋದು. ಕಾಸ್ಮಿಯಾ ಅನ್ನೋದು ಮಾತ್ರ ಹೊಸದು. ಗ್ರೀಕಲ್ಲಿ ಕಾಸ್ಮೋಸ್ ಅಂದ್ರೆ ಅಲಂಕಾರ. ಕಾಸ್ಮೆಟಿಕ್ ಬಂದಿದ್ದು ಅಲ್ಲಿಂದ್ಲೇ. ಅದೇ ಪದಕ್ಕೆ ಜಗತ್ತು ಅನ್ನೋ ಅರ್ಥಾನೂ ಇದೆ.”

“ಅಲಂಕಾರ, ಜಗತ್ತು. ಅದಕ್ಕೇನೀಗ?”

“ಜಹಾನ್ ಅಂದ್ರೆ ಉರ್ದುವಲ್ಲಿ ಜಗತ್ತು. ಆರಾ ಅಂದ್ರೆ ಅಲಂಕಾರ ಮಾಡೋಳು.”

ಭವ್ಯಳ ಮುಖ ನೋಡಲಾಗಲಿಲ್ಲ. ಇಷ್ಟು ದಿನ ಅವಳಿಗಿದ್ದದ್ದು ಅನುಮಾನ. ನಾನು ಅದಕ್ಕೆ ಅರ್ಥಸಮೇತ ಪುರಾವೆ ಒದಗಿಸಿದ್ದೆ. ಸೆರಗು ಬಾಯಿಗೆ ಅಡ್ಡ ಹಿಡಿದು ಅವಳು ಅಳತೊಡಗಿದಳು.

“ಅವಳು ಜೈಲಿಗೆ ಹೋಗ್ಬೇಕು ಮೋನಿಷಾ ಅವ್ರೇ. ನನ್ನ ಗಂಡ ಉಳೀಲಿ ಬಿಡ್ಲಿ, ಅವಳು ಹೋಗ್ಬೇಕು.”

ಅವಳಿಗೆ ಕಾಫಿ ತುಂಬಿಸಿಕೊಡೋಣವೆಂದು ಒಂದು ಫ್ಲಾಸ್ಕ್ ತಂದಿದ್ದೆ. ಈ ಗಲಾಟೆಯಲ್ಲಿ ಅದು ಬ್ಯಾಗಿನಲ್ಲೇ ಉಳಿಯಿತು.

ಫ್ಲಾಸ್ಕ್ ನನ್ನದಲ್ಲ, ನನ್ನ ಗಂಡ ಸಿದ್ಧಾರ್ಥನದು. ಇವತ್ತು ನನ್ನ ಗಾಡಿ ಪಂಕ್ಚರ್ ಆಗಿ ಅವನ ಸ್ಕೂಟರ್ ತಂದಿದ್ದೆ, ಡಿಕ್ಕಿಯಲ್ಲಿ ಅದು ಸಿಕ್ಕಿತ್ತು. ಬೆಳಿಗ್ಗೆ ನಮ್ಮ ಮನೆ ಹತ್ತಿರದ ಪಾರ್ಕಿಗೆ ವಾಕಿಂಗ್ ಹೋಗುವಾಗ ಒಯ್ಯುತ್ತಾನೆ. ಮದುವೆಯಾದಾಗಿನಿಂದ ಒಂದು ಲೋಟ ತೊಳೆದವನಲ್ಲ, ಆ ಫ್ಲಾಸ್ಕ್ ಮಾತ್ರ ತಾನೇ ತೊಳೆಯುತ್ತಾನೆ. ಗಂಡ ಸುಧಾರಿಸುತ್ತಿದ್ದಾನೆ ಎಂದು ನಾನು ಅಮ್ಮನ ಹತ್ತಿರ ಹೇಳಿಕೊಂಡು ಬೀಗಿದ್ದೂ ಆಗಿತ್ತು.

ಭವ್ಯಳ ಹೊಟ್ಟೆಕಿಚ್ಚು ಕಂಡು ನನಗೆ ನಗು ಬಂತು ಎಂದೆನಲ್ಲ, ಆ ಹಕ್ಕು ನನಗಿಲ್ಲ. ಸಿದ್ಧಾರ್ಥನ ಕ್ಲಾಸಿಗೆ ಹೊಸ ಹುಡುಗಿ ಸೇರಿದರೆ ಬಾಗಿಲ ಹೊರಗೆ ಬಿಟ್ಟಿರುವ ಅವಳ ಚಪ್ಪಲಿಯನ್ನು ಮೊದಲು ನೋಡುವವಳು ನಾನು.

ಆಸ್ಪತ್ರೆಯಿಂದ ಹೊರಟು ಹಲಸೂರಿನ ಸಿಗ್ನಲ್ಲಿನಲ್ಲಿ ನಿಂತಾಗಲೂ ಭವ್ಯಳ ಅಳುವೇ ಕಿವಿಯಲ್ಲಿತ್ತು. ಪಾಪ, ಗಂಡ ಏನು ನೋಡಿದರೂ ಹಳದಿ ಎಂದನಂತೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ಇಲ್ಲಿ ಕಾಮಾಲೆ ಯಾರ ಕಣ್ಣಿಗೆ? ಅವನಿಗೋ, ಅವಳಿಗೋ?

ಆಗ ಹೊಳೆಯಿತು. ಗಾದೆ ಏನೇ ಹೇಳಲಿ, ಕಾಮಾಲೆಯಾದವರಿಗೆ ಲೋಕ ಹಳದಿ ಕಾಣುವುದಿಲ್ಲ, ಲೋಕಕ್ಕೆ ಅವರು ಹಳದಿ ಕಾಣುತ್ತಾರೆ. ಬಿಳಿ ಇಡ್ಲಿ ಹಳದಿಯಾಗಿ ಕಾಣುವುದೇ ಬೇರೆ, ಅದಕ್ಕೆ ಬೇರೆಯದೇ ಹೆಸರಿದೆ. ಕ್ಸಾಂಥೋಸ್ ಅಂದರೆ ಹಳದಿ, ಆಪ್ಸಿಸ್ ಅಂದರೆ ನೋಟ. ಕ್ಸಾಂಥಾಪ್ಸಿಯಾ.

ಕೋಡಿಂಗ್ ಮಾಡುವಾಗ ಹೃದಯದ ಔಷಧಿ ಮೈಯಲ್ಲಿ ಮಿತಿಮೀರಿದ ರೋಗಿಗಳ ಕಾಗದಗಳಲ್ಲಿ ಆ ಪದ ನೋಡಿದ್ದೆ. ಊಟ ಸೇರುವುದಿಲ್ಲ, ವಾಕರಿಕೆ, ನಾಡಿ ನಿಧಾನ, ಕಂಡದ್ದೆಲ್ಲ ಹಳದಿ. ಕಣಗಿಲೆಯ ವಿಷವೂ ಹೃದಯವನ್ನು ಹಿಡಿಯುವುದು ಅದೇ ದಾರಿಯಲ್ಲಿ.

ಹಿಂದಿನವನು ಹಾರ್ನ್ ಮಾಡಿ “ಏಯ್ ಅಮ್ಮಾ, ಗ್ರೀನು!” ಎಂದು ಕೂಗಿದ.

ಕೆಂಪರಾಜ್ ಪ್ರೀತಿಯಲ್ಲಿ ಬಿದ್ದಿರಲಿಲ್ಲ. ಕೆಲವು ದಿನಗಳಿಂದ ಅವನ ಮೈಗೆ ವಿಷ ಇಳಿಯುತ್ತಿತ್ತು. ಹೆಂಡತಿ ಎದುರಿಗೇ ಕೂತು ಅದನ್ನು ನೋಡುತ್ತಿದ್ದಳು, ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ಹಾಗಿದ್ದರೆ ನಿನ್ನೆಯ ಒಂದು ಲೋಟ ಟೀಗೂ ಇದಕ್ಕೂ ಸಂಬಂಧವಿಲ್ಲ. ವಿಷ ಕೊಟ್ಟವರು ದಿನಾ ಅವನ ಕೈಗೆ ಏನಾದರೂ ಕೊಡುವವರೇ ಆಗಿರಬೇಕು.

ದಿನಾ ಇಡ್ಲಿ ಕೊಡುವವಳು ನನ್ನ ಕಕ್ಷಿದಾರಳು. ಹಾಗೆಂದುಕೊಂಡೇ ಶಿವಾಜಿನಗರದ ಕಡೆ ಗಾಡಿ ತಿರುಗಿಸಿದೆ.

ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ, ಕೆಳಗಿನ ಟೀ ಅಂಗಡಿಯ ಬೆಂಚಿನ ಮೇಲೆ ಜಗದೀಶ್ ಕೂತಿದ್ದರು. “ಬೇಗ ಮುಗ್ಸಿ ಮೇಡಂ. ಈ ಟೀ ಕುಡಿದು ನಾನೂ ಮೇಲೆ ಬರ್ತೀನಿ,” ಎಂದರು.

ಕಣಗಿಲೆಯ ಕುಂಡ ಇದ್ದ ಜಾಗದಲ್ಲಿ ಮಣ್ಣಿನ ದುಂಡು ಕಲೆ ಮಾತ್ರ ಉಳಿದಿತ್ತು, ಪೊಲೀಸರು ಹೊತ್ತುಕೊಂಡು ಹೋಗಿದ್ದರು. ಬಾಗಿಲು ತೆರೆದವಳನ್ನು ನೋಡಿದೆ. ಅತ್ತು ಕಣ್ಣು ಊದಿತ್ತು, ಬೆರಳುಗಳಿಗೆ ಬಣ್ಣ ಮೆತ್ತಿತ್ತು, ತಲೆ ಬಾಚಿರಲಿಲ್ಲ. ಆದರೂ ಚೆಲುವೆ. ಭವ್ಯಳ ಪರವಾಗಿ ನನಗೂ ಸ್ವಲ್ಪ ಹೊಟ್ಟೆ ಉರಿಯಿತು.

“ನಾನು ಏನೂ ಮಾಡಿಲ್ಲ ಅಕ್ಕಾ. ಅಲ್ಲಾ ಕಸಮ್.”

“ಕೂತ್ಕೊಳ್ಳಿ. ನಿನ್ನೆ ಅವರು ಬಂದಿದ್ದು ಹೇಗಿತ್ತು? ಟೀ ಕೊಡೋದಕ್ಕೆ ಮುಂಚೆ ಏನಾಯ್ತು ಅಷ್ಟೇ ಹೇಳಿ.”

“ಮುಂಚೇನಾ? ಗೋಡೆ ಹಿಡ್ಕೊಂಡು ಮೆಟ್ಲು ಹತ್ತಿದ್ರು. ಒಳಗೆ ಬಂದೋರೇ ನಂಗೆ ಬೈದ್ರು.”

“ಯಾಕೆ?”

“ಹಳದಿ ಪೇಪರಲ್ಲಿ ಯಾಕೆ ಬರೀತಿದ್ಯ, ಬಿಳಿ ಹಾಳೆ ತಗೋ ಅಂತ ಹೇಳಿಲ್ವಾ, ಅಂತ. ನೋಡಿ ಅಕ್ಕಾ, ಇದೇ ಪೇಪರು.”

ಮೇಜಿನ ಮೇಲೆ ಅರ್ಧ ಬರೆದ ಬಳ್ಳಿಯ ಚಿತ್ರವಿತ್ತು. ಹಾಳೆ ಹಾಲಿನಷ್ಟು ಬೆಳ್ಳಗಿತ್ತು.

ನನಗೆ ಖುಷಿ ತಡೆಯಲಾಗಲಿಲ್ಲ. ಮತ್ತೆ ಬಾಯಿ ಬಿಟ್ಟೆ. “ನೀವು ಉಳ್ಕೊಂಡ್ರಿ ಜಹನಾರಾ. ಟೀ ಕುಡಿಯೋಕೆ ಮುಂಚೆನೇ ಅವರಿಗೆ ಬಿಳೀದು ಹಳದಿ ಕಾಣ್ತಿತ್ತು. ಮನೇಲೂ ಕೆಲವು ದಿನದಿಂದ ಹಾಗೇ ಅಂತಿದ್ರಂತೆ. ಅಂದ್ರೆ ವಿಷ ನಿಮ್ಮ ಟೀಯಿಂದ ಬಂದಿದ್ದಲ್ಲ. ಅವರ ಹೆಂಡ್ತಿ ಹೇಳಿದ್ದನ್ನ ನಾನು ಇನ್‌ಸ್ಪೆಕ್ಟರ್‌ಗೆ ಹೇಳ್ಬಿಟ್ರೆ ಮುಗೀತು. ಇವತ್ತು ನಿಮ್ಮನ್ನ ಯಾರೂ ಕರ್ಕೊಂಡು ಹೋಗಲ್ಲ.”

ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆ ಕ್ಷಣದಲ್ಲಿ ನನಗೆ ಅವಳು ಇಷ್ಟವಾಗಿದ್ದಳು. ಅದನ್ನಿಲ್ಲಿ ಹೇಳಲೇಬೇಕು.

“ಬಿದ್ದ ತಕ್ಷಣ ನಾಡಿ ಹಿಡಿದು ನೋಡ್ದೆ ಅಕ್ಕಾ,” ಎಂದಳು ಮೂಗು ಒರೆಸಿಕೊಳ್ಳುತ್ತ. “ತುಂಬಾ ನಿಧಾನ. ಆಂಬುಲೆನ್ಸಿನೋರಿಗೂ ಅದೇ ಹೇಳ್ದೆ. ಟಾಕೀಸಲ್ಲ, ಬಾಡಿ ಅಂತ. ಅವರಿಗೆ ಅರ್ಥ ಆಗ್ಲಿಲ್ಲ, ಆಮೇಲೆ ಬ್ರಾಡಿಕಾರ್ಡಿಯಾ ಅಂದೆ.”

ನನ್ನ ಕೈ ಅವಳ ಕೈಯಲ್ಲೇ ಇತ್ತು.

“ಏನಂದ್ರಿ?”

“ಬ್ರಾಡಿಕಾರ್ಡಿಯಾ.”

“ಅದಲ್ಲ. ಅದಕ್ಕೆ ಮುಂಚೆ.”

ಓದುಗರು ಕ್ಷಮಿಸಬೇಕು, ಇಲ್ಲಿ ನನ್ನ ಸ್ವಂತ ಕಥೆ ಸ್ವಲ್ಪ ಹೇಳಬೇಕಾಗಿದೆ. ಹೃದಯದ ಬಡಿತ ಜೋರಾದರೆ ಟ್ಯಾಕಿಕಾರ್ಡಿಯಾ, ನಿಧಾನವಾದರೆ ಬ್ರಾಡಿಕಾರ್ಡಿಯಾ. ಕ್ಲಾಸಿಗೆ ಸೇರಿದ ಹೊಸದರಲ್ಲಿ ನನಗೆ ಯಾವುದು ಯಾವುದೆಂದು ನೆನಪಿರುತ್ತಿರಲಿಲ್ಲ. ಒಂದು ಸಂಜೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಸಿದ್ಧಾರ್ಥ ಹೇಳಿದ್ದ. “ನಿನ್ನ ನೋಡಿದ್ರೆ ನನ್ನ ಎದೆ ಟಾಕೀಸು, ಫಸ್ಟ್ ಡೇ ಫಸ್ಟ್ ಶೋ ರಶ್ಶು. ನಿನ್ನ ಬಸ್ಸು ಬಂತು ಅಂದ್ರೆ ಬಾಡಿ, ಬಾಡೋಗುತ್ತೆ. ಟ್ಯಾಕಿ, ಬ್ರಾಡಿ. ಇನ್ನು ಮರೀತೀಯಾ?”

ಮರೆಯಲಿಲ್ಲ. ಆ ಮಾತಿಗೇ ನಾನು ಅವನನ್ನು ಒಪ್ಪಿಕೊಂಡದ್ದು. ಕ್ಲಾಸಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಕೂಡದು ಎಂದು ಮಾತು ತೆಗೆದುಕೊಂಡಿದ್ದೆ. ಅದು ನನ್ನದು.

“ಅದಾ?” ಎಂದು ಜಹನಾರಾ ಸಣ್ಣಗೆ ನಕ್ಕಳು. “ಅದು ನಮ್ ಸರ್ ಹೇಳ್ಕೊಟ್ಟಿದ್ದು. ಲಾಕ್‌ಡೌನಲ್ಲಿ ಮೆಡಿಕಲ್ ಕೋಡಿಂಗ್ ಕಲೀತಿದ್ದೆ ಅಕ್ಕಾ, ಆನ್‌ಲೈನು. ತಿಪ್ಪಸಂದ್ರದ ಸಿದ್ಧಾರ್ಥ್ ಸರ್ ಅಂತ.”

ಆನ್‌ಲೈನ್ ಕ್ಲಾಸಿನವರ ಚಪ್ಪಲಿ ಯಾರಿಗೆ ಕಾಣುತ್ತದೆ?

“ಕ್ಲಾಸಲ್ಲಿ ಎಲ್ಲರಿಗೂ ಹೇಳ್ಕೊಟ್ರಾ?” ಎಂದು ಕೇಳಿದೆ.

“ಇಲ್ಲ. ಫೋನಲ್ಲಿ. ನಂಗೊಬ್ಳಿಗೇ.” ಅವಳ ನಗು ಹೋಯಿತು. “ಆಮೇಲಾಮೇಲೆ ಫೋನು ಜಾಸ್ತಿ ಆಯ್ತು. ಅದಕ್ಕೇ ಆ ಲೈನೇ ಬಿಟ್ಟು ಡ್ರಾಯಿಂಗಿಗೆ ಬಂದೆ.”

“ಕಾಸ್ಮಿಯಾ ಅನ್ನೋ ಹೆಸರು?”

ಅವಳು ನನ್ನನ್ನೇ ನೋಡಿದಳು. “ನಿಮಗೆ ಹೇಗೆ ಗೊತ್ತಾಯ್ತು? ಕೆಂಪರಾಜ್ ಸರ್‌ಗೇ ಗೊತ್ತಿಲ್ಲ. ಅವರಿಗೆ ಗ್ರೀಕ್ ಎಲ್ಲಿ ಬರುತ್ತೆ? ಹೆಸರು ಕಟ್ಕೊಡೋರು ಯಾರಾದ್ರೂ ಇದಾರಾ ಅಂತ ಕೇಳಿದ್ರು. ನಂಗೆ ಗೊತ್ತಿದ್ದೋರು ಸಿದ್ಧಾರ್ಥ್ ಸರ್ ಒಬ್ರೇ, ನಂಬರ್ ಕೊಟ್ಟೆ. ಸುಂದರ ಅನ್ನೋ ಅರ್ಥ ಅಂತ ಹೇಳಿ ಇಡ್ಸಿದ್ರಂತೆ. ಪ್ರಿಂಟ್ ಆದ್ಮೇಲೆ ನಂಗೆ ಮೆಸೇಜ್ ಬಂತು, ನಿನ್ನ ಹೆಸರನ್ನ ಬಚ್ಚಿಟ್ಟಿದೀನಿ ನೋಡು ಅಂತ. ಆವತ್ತೇ ಬ್ಲಾಕ್ ಮಾಡ್ದೆ.”

ಬೆಳಿಗ್ಗೆ ಆ ಪದವನ್ನು ಭವ್ಯಳ ಮುಂದೆ ಬಿಡಿಸಿಟ್ಟವಳು ನಾನು. ಎಷ್ಟು ಜಂಬದಿಂದ ಬಿಡಿಸಿದ್ದೆ. ಅವಳ ಗಂಡ ಅವಳಿಗೆ ಮೋಸ ಮಾಡಿರಲಿಲ್ಲ. ಹೂವಿಗೆ ಇನ್ನೊಬ್ಬಳ ಹೆಸರಿಟ್ಟವನು ನನ್ನ ಗಂಡ. ನನ್ನ ಹೆಸರಲ್ಲಿ ಒಂದು ಹೂವೂ ಬೇಡ, ಕಡೇಪಕ್ಷ ಆ ಬಸ್ ಸ್ಟಾಪಿನ ಮಾತನ್ನಾದರೂ ನನಗೆ ಬಿಡಬಾರದಿತ್ತೇ?

ಎದುರಿಗಿದ್ದ ಹುಡುಗಿಯ ಬಣ್ಣ ಮೆತ್ತಿದ ಬೆರಳುಗಳನ್ನು ನೋಡಿದರೆ ಮೈ ಉರಿಯಿತು. ಅವಳದೇನೂ ತಪ್ಪಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ ಉರಿಯಿತು.

“ಕೆಂಪರಾಜ್ ಸರ್ ಜೊತೆ ದಿನಾ ಕೂತು ಚಿತ್ರ ಬರೀತೀಯಲ್ಲ ಅಂತ ಬೇರೆ ಕೋಪ ಸಿದ್ಧಾರ್ಥ್ ಸರ್‌ಗೆ,” ಎಂದಳು ಜಹನಾರಾ. “ಆಮೇಲೆ ನೋಡಿದ್ರೆ ಅವರಿಬ್ರೂ ಭಾರೀ ದೋಸ್ತಿ. ಬೆಳಿಗ್ಗೆ ಕೆರೆ ಹತ್ರ ಒಟ್ಟಿಗೇ ವಾಕಿಂಗು. ಶುಗರ್‌ಗೆ ಅಂತ ಕಷಾಯ ಬೇರೆ ತಂದ್ಕೊಡ್ತಾರಂತೆ.”

ಅಲ್ಯಾರೋ ಮೇಷ್ಟ್ರು ಎಂದಿದ್ದಳು ಭವ್ಯ.

ಪಾರ್ಕಿಗೆ ಹೋಗುತ್ತೇನೆ ಎನ್ನುತ್ತಿದ್ದ ಗಂಡ. ತಾನೇ ತೊಳೆಯುತ್ತಿದ್ದ ಫ್ಲಾಸ್ಕು. ದೀಪದ ಬುಡದಲ್ಲೇ ಕತ್ತಲು ಎಂದು ಎಷ್ಟು ಜನ ಕಕ್ಷಿದಾರರಿಗೆ ಬುದ್ಧಿ ಹೇಳಿಲ್ಲ ನಾನು! ಕಾಲ ಬಳಿ ಇಟ್ಟಿದ್ದ ಬ್ಯಾಗನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಜಗದೀಶ್ ಬಾಗಿಲಲ್ಲಿ ನಿಂತರು, ಅವರ ಹಿಂದೆ ಒಬ್ಬ ಮಹಿಳಾ ಪೇದೆ.

“ಏನ್ ಮೇಡಂ, ಏನಾದ್ರೂ ಸಿಕ್ತಾ? ಇಲ್ಲಾಂದ್ರೆ ನಾವು ಇವರನ್ನ ಕರ್ಕೊಂಡು ಹೊರಡ್ತೀವಿ.”

ಒಂದೇ ಒಂದು ಪದ ಹೇಳಿದ್ದರೆ ಸಾಕಿತ್ತು. ಹೇಳಿದರೆ ಈ ಹುಡುಗಿ ಉಳಿಯುತ್ತಾಳೆ. ಆಮೇಲೆ ಜಗದೀಶ್ ಕೇಳುವ ಮೊದಲ ಪ್ರಶ್ನೆ, ಹಾಗಾದರೆ ದಿನಾ ಕೊಡುತ್ತಿದ್ದವರು ಯಾರು? ಹೇಳದಿದ್ದರೆ ನನ್ನ ಮನೆ ಉಳಿಯುತ್ತದೆ, ನನ್ನ ಬಸ್ ಸ್ಟಾಪಿನ ಮಾತನ್ನು ಕದ್ದವಳು ಜೀಪು ಹತ್ತುತ್ತಾಳೆ. ಹೇಳದಿರುವುದು ಎಷ್ಟು ಸುಲಭವೆಂದು ನನಗೇ ಭಯವಾಯಿತು.

“ಅಕ್ಕಾ,” ಎಂದಳು ಜಹನಾರಾ. ದನಿಯಲ್ಲಿ ಅಷ್ಟೂ ನಂಬಿಕೆ. “ಹೇಳಿ ಅಕ್ಕಾ ಅವರಿಗೆ. ಆ ಹಳದಿ ವಿಷಯ.”

ಜಗದೀಶ್ ನನ್ನ ಕಡೆ ತಿರುಗಿದರು. “ಯಾವ ಹಳದಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಫೋನು ಹೊಡೆದುಕೊಳ್ಳತೊಡಗಿತು. ಪರದೆಯ ತುಂಬ ಸಿದ್ಧಾರ್ಥನ ನಗುಮುಖ. ಜಹನಾರಾ ಆ ಮುಖ ನೋಡಿದಳು, ನನ್ನ ಮುಖ ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು.

ಫೋನು ಎತ್ತಿ ಕಿವಿಗಿಟ್ಟುಕೊಂಡೆ.

“ಮೋನೀ, ಸ್ಕೂಟರ್ ನೀನು ತಗೊಂಡ್ಹೋದ್ಯಾ? ಡಿಕ್ಕೀಲಿ ನನ್ನ ಫ್ಲಾಸ್ಕ್ ಇತ್ತು ಕಣೆ,” ಎಂದ ಸಿದ್ಧಾರ್ಥ. ಅವನಿಗೆ ಉಸಿರು ಕಟ್ಟಿದ ಹಾಗಿತ್ತು. “ಅದನ್ನ ಮುಟ್ಬೇಡ. ನಿನ್ನೆ ತೊಳ್ದಿಲ್ಲ ನಾನು.”

ಜಗದೀಶ್ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಫ್ಲಾಸ್ಕಿದ್ದ ಬ್ಯಾಗು ನನ್ನ ತೊಡೆಯ ಮೇಲಿತ್ತು.